ಮೋಡೆಮ್ಮು ಮಾವನವರಿಗೆ ಮಾಡಿದ ಫೋನು

ಮೊನ್ನೆ ದಸರೆಗೆ ಮುಂಚೆ ಅಟ್ಟ ಸ್ವಚ್ಛ ಮಾಡುವಾಗ ಧೂಳು ಹಿಡಿದ ಹಸಿರು ಕಾರ್ಡೊಂದು ಸಿಕ್ಕಿತು. ಡಯಲ್‌ಅಪ್ ಕಾಲದ ಮೋಡೆಮ್ಮು, ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವ ಜಾತಿಯದು. ಟೆಲಿಫೋನ್ ತಂತಿಯಲ್ಲಿ ಕಿರುಚಾಡಿ ಇಂಟರ್ನೆಟ್ಟನ್ನು ಮನೆಗೆ ತರುತ್ತಿದ್ದ ವಸ್ತು. ನೀವೂ ಆ ಕಿರುಚಾಟ ಕೇಳಿದವರಾದರೆ ನನ್ನ ವಯಸ್ಸು ಅಂದಾಜಿಗೆ ಬಂದಿರಬೇಕು.

ಆಗಷ್ಟೇ ಲಿಂಗಂಪಲ್ಲಿಯಲ್ಲಿ ಮನೆ ಕೊಂಡಿದ್ದೆವು. ಗೃಹಪ್ರವೇಶಕ್ಕೆ ಮಾವನವರನ್ನು ನಾನು ಫೋನಿನಲ್ಲೇ ಕರೆದುಬಿಟ್ಟೆ. ನಮ್ಮ ಕಲಬುರ್ಗಿ ಕಡೆಯವರಿಗೆ ಅದು ಕರೆದಂತಲ್ಲ. ಮನೆಗೆ ಹೋಗಿ, ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು ಕರೆಯಬೇಕು. ಅವರು ಬರಲಿಲ್ಲ. ಆಮೇಲೂ ಬರಲಿಲ್ಲ. ನಾನೂ ಹೋಗಲಿಲ್ಲ, ಹಟದಲ್ಲಿ ನಾನೇನು ಕಡಿಮೆಯೇ? ನಡುವೆ ಸೊರಗಿದವಳು ಹೆಂಡತಿ. ಏಳು ತಿಂಗಳು ಅವಳು ಅಪ್ಪನ ಹೆಸರೆತ್ತದೆ ಅಡುಗೆ ಮಾಡಿದಳು, ನಾನು ಉಪ್ಪಿನ ಸುದ್ದಿ ಎತ್ತದೆ ಉಂಡೆ.

ಆ ಬೇಸರ ಮರೆಯಲು ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ತಂತ್ರಾಂಶ ಹಾಕಿ, ಮನೆಯ ಉಳಿದೆರಡು ಕಂಪ್ಯೂಟರಿಗೂ ಇಂಟರ್ನೆಟ್ ಹಂಚುವ ರೌಟರ್ ಮಾಡಲು ಕೂತೆ. ಮೋಡೆಮ್ಮೋ ಲಿನಕ್ಸಿನ ಕಣ್ಣಿಗೇ ಬೀಳಲೊಲ್ಲದು. ಎರಡು ವಾರ ಕಾರ್ಡು ಕಿತ್ತು, ಒರೆಸಿ, ಮತ್ತೆ ತುರುಕಿದ್ದಾಯಿತು. ಎಲ್ಲಿಂದಲೋ ಅದನ್ನು ಗುರುತಿಸುವ ಡ್ರೈವರ್ ತಂತ್ರಾಂಶ ತಂದು ಹಾಕಿದ ಮೇಲೆ ಒಂದು ಬೆಳಿಗ್ಗೆ ಡಯಲ್ ಟೋನ್ ಕೇಳಿಸಿತು. ಪರೀಕ್ಷೆಗೊಂದು ನಂಬರು ಬೇಕಿತ್ತು. ಮೊದಲ ರಿಂಗಿಗೇ ಎತ್ತುವವರು ನಾನು ಕಂಡಂತೆ ಮಾವನವರೊಬ್ಬರೇ. ಹಳೆಯ ಸಿಟ್ಟೂ ಒಂದಿಷ್ಟು ಇತ್ತೆನ್ನಿ. ಅವರ ನಂಬರು ಹಾಕಿದೆ, ಮೋಡೆಮ್ಮು ಕಿರುಚಿತು, ನಾನು ಹಿಗ್ಗಿ ಆಫೀಸಿಗೆ ಹೊರಟೆ. ಹೆಂಡತಿ ಆಗಲೇ ತನ್ನ ಶಾಲೆಗೆ ಹೋಗಿದ್ದಳು. ಆ ನಂಬರು ತೆಗೆದು ಇಂಟರ್ನೆಟ್ ಕಂಪನಿಯ ನಂಬರು ಹಾಕುವುದನ್ನು ಮರೆತಿದ್ದೆ. ಸಂಪರ್ಕ ಸಿಗುವವರೆಗೂ ತಾನಾಗಿಯೇ ಡಯಲ್ ಮಾಡುತ್ತಿರು ಎಂದು ರೌಟರಿಗೆ ಹೇಳುವುದನ್ನು ಮಾತ್ರ ಮರೆತಿರಲಿಲ್ಲ.

ಸಂಜೆ ನಾವಿಬ್ಬರೂ ಮನೆ ಸೇರುವ ಹೊತ್ತಿಗೆ ಬಾಗಿಲಲ್ಲಿ ಮಾವನವರು. ಏದುಸಿರು, ಕೈಯಲ್ಲಿ ಸೀತಾಫಲದ ಚೀಲ. ಅವರ ಫೋನಿಗೆ ಕರೆ ಮಾಡಿದವರ ನಂಬರು ತೋರಿಸುವ ಡಬ್ಬಿಯಿದೆ ಎಂಬುದು ನನಗೆ ಆಗ ನೆನಪಾಯಿತು.

"ಮುಂಜಾನಿಂದ ಫೋನ್ ಮಾಡಾಕತ್ತೀ. ಎತ್ತಿದ್ರ ಬರೇ ಅಳತೀ. ಏನಾತವ್ವಾ?" ಎಂದು ಮಗಳನ್ನು ಕೇಳಿದರು.

ಅವಳು ನನ್ನತ್ತ ನೋಡಿದಳು. ನಾನು ರೌಟರಿನತ್ತ ನೋಡಿದೆ. ಅವಳಿಗೆ ಅರ್ಥವಾಯಿತು. ಆದರೂ ಅಪ್ಪನ ಭುಜಕ್ಕೆ ತಲೆಯಿಟ್ಟು, ಈಗ ನಿಜವಾಗಿಯೇ ಅತ್ತಳು. ಮಾವನವರು ಅಂದು ನಮ್ಮಲ್ಲೇ ಉಂಡರು. ನಾನು ಮೆಲ್ಲಗೆ ಹೋಗಿ ಮೋಡೆಮ್ಮಿನ ತಂತಿ ಕಿತ್ತೆ.

ಮೊನ್ನೆ ಕಾರ್ಡು ಸಿಕ್ಕಾಗಲೂ ಅವರು ನಮ್ಮ ಮನೆಯಲ್ಲೇ ಚಹಾ ಕುಡಿಯುತ್ತ ಕೂತಿದ್ದರು. ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಹೇಳಿಬಿಟ್ಟೆ.

"ಗೊತ್ತಿತ್ತು ತಗೋರಿ, ಅಳಿಯಂದ್ರ. ನನ್ನ ಮಗಳು ಹೆಂಗ ಅಳತಾಳ ನನಗ ಗೊತ್ತಿಲ್ಲೇನು? ಕರೀಲಾರದ ಮನಿಗೆ ಬರಾಕ ಒಂದು ನೆವ ಬೇಕಿತ್ತು."

ಅವರನ್ನು ಏಮಾರಿಸಿದೆನೆಂದು ಇಷ್ಟು ವರ್ಷ ಒಳಗೊಳಗೇ ನಗುತ್ತಿದ್ದ ನಾನು ಕಾರ್ಡನ್ನು ಕೆಳಗಿಟ್ಟೆ. ತಪ್ಪಾಯಿತು, ನಾನೇ ಬಂದು ಕರೆಯಬೇಕಿತ್ತು ಎಂದೆ.

"ಹೌದು, ಬರಬೇಕಿತ್ತು," ಎಂದು ಅವರು ಕಪ್ಪಿನಲ್ಲಿ ಉಳಿದ ಚಹಾವನ್ನು ಬಸಿಗೆ ಸುರುವಿಕೊಂಡರು.