ಅಣ್ಣ ಬಿಟ್ಟ ಬಾದಾಮಿ ಹಾಲು

ಧಾರವಾಡದ ಓಣಿ ಓಣಿಗೂ ಗರಡಿಮನೆ ಇದ್ದ ಕಾಲವದು. ಇನ್ನೂ ಬ್ರಿಟಿಷರ ಆಳ್ವಿಕೆ. ನನಗೆ ಒಂಬತ್ತು ವರ್ಷ. ಮನೆಯಲ್ಲಿ ಬಾದಾಮಿ ಅರೆಯುವ ಕೆಲಸ ನನ್ನದು. ನೆನೆಸಿ ಸಿಪ್ಪೆ ಸುಲಿದ ಬಾದಾಮಿ, ಗಸಗಸೆ, ಎರಡು ಯಾಲಕ್ಕಿ ನುಣ್ಣಗೆ ಅರೆದು, ಎಮ್ಮೆ ಹಾಲಿಗೆ ಕಲಸಿ, ಹಿತ್ತಾಳೆ ತಂಬಿಗೆಯಲ್ಲಿ ಶಿವಪ್ಪಣ್ಣನಿಗೆ ಕೊಡಬೇಕು. ಗರಡಿಯಿಂದ ಬಂದ ಅವನ ಮೈಗೆ ಎಣ್ಣೆ, ಮಜ್ಜಿಗೆ ಬೆರೆಸಿದ ಕೆಮ್ಮಣ್ಣಿನ ವಾಸನೆ. ಗಟಗಟ ಕುಡಿದು ತಳದ ಗಸಿಯನ್ನು ನನಗೆ ಬಿಡುತ್ತಿದ್ದ. ನನ್ನ ಕೂಲಿ ಅಷ್ಟೇ.

ಪೈಲ್ವಾನನಾದರೂ ಅಣ್ಣ ಅಂಜುಬುರುಕ. ಕುಸ್ತಿಯ ದಿನ ಬೆಳಿಗ್ಗೆ ಕೈ ತಣ್ಣಗಾಗಿ ಮೂರು ಸಲ ಬಯಲಕಡೆಗೆ ಓಡುತ್ತಿದ್ದ. ನಾವು ನಗುತ್ತಿದ್ದೆವು. ಗರಡಿಯ ವಸ್ತಾದ, ಅಂದರೆ ಅಣ್ಣನ ಗುರು, ಹುಸೇನ ಕಾಕಾ ಮಾತ್ರ ನಗುತ್ತಿರಲಿಲ್ಲ.

"ಅಂಜಿಕಿ ಇರಬೇಕವ್ವಾ. ಕೈಗೆ ಕೈ ಹತ್ತಿದ ಕೂಡಲೇ ಓಡಿ ಹೋಗತೈತಿ," ಎನ್ನುತ್ತಿದ್ದರು. ಹಾಗೇ ಆಗುತ್ತಿತ್ತು, ಅಣ್ಣ ಗೆದ್ದು ಬರುತ್ತಿದ್ದ.

ಆ ವರ್ಷ ಯುಗಾದಿಯ ಮುಂದೆ ಉಪ್ಪಿನಬೆಟಗೇರಿಯ ಪೈಲ್ವಾನನ ಜೊತೆ ಅಣ್ಣನ ದೊಡ್ಡ ಕುಸ್ತಿ ನಿಗದಿಯಾಯಿತು. ಎಂಟು ದಿನ ಮೊದಲೇ ಅಣ್ಣ ಮಂಕಾದ. ಕೈ ತಣ್ಣಗಿರಲಿಲ್ಲ, ಬಯಲಿಗೂ ಓಡಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಸುಮ್ಮನೆ ಕೂತಿರುತ್ತಿದ್ದ.

"ಆ ಪೈಲ್ವಾನಗ ಅಂಜಾಕತ್ತೀಯೇನಣ್ಣಾ?" ಎಂದೆ.

"ಇಲ್ಲವ್ವಾ. ಯಾಕೋ ಏನೂ ಬ್ಯಾಡ ಅನಸಾಕತ್ತೈತಿ. ಯಾಕಂತ ನನಗೂ ತಿಳೀವಲ್ದು." ತಂಬಿಗೆಯನ್ನು ನನ್ನ ಕಡೆ ಸರಿಸಿದ. "ನೀನ ಕುಡಿ. ವಸ್ತಾದರಿಗೆ ಹೇಳಬ್ಯಾಡ."

ಅವ್ವ ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಾನು ದಿನವೂ ಅಣ್ಣನ ಹಾಲು ಕುಡಿದೆ. ನಾಲ್ಕನೆಯ ದಿನ ಹುಸೇನ ಕಾಕಾ ಬಾಗಿಲಿಗೆ ಬಂದು ನನ್ನನ್ನೇ ಕರೆದರು.

"ಖರೇ ಹೇಳು ಮಗಳ, ಅಣ್ಣ ಹಾಲು ಕುಡಿಯಾಕತ್ತಾನೋ ಇಲ್ಲೋ? ಅಂಜಿಕಿ ಆದ್ರ ಅಖಾಡದಾಗ ಬಿಡತೈತಿ. ಮನಸಿಗೆ ಮಬ್ಬು ಕವಿದಿದ್ರ ಬಿಡೂದಿಲ್ಲ, ಮೈಯಾಗ ಇಳದು ಕುಂದರತೈತಿ. ಮಬ್ಬು ಕವಿದಾಂವ ಮದಲ ಹಾಲು ಬಿಡತಾನ. ಅಂಥವನ್ನ ನಾ ಕುಸ್ತಿಗೆ ಇಳಸಂಗಿಲ್ಲ."

"ದಿನಾ ಪೂರ್ತಿ ಕುಡೀತಾನ್ರಿ ಕಾಕಾ."

ಅಣ್ಣನ ಗುಟ್ಟು ಕಾಯ್ದೆನೆಂಬ ಹೆಮ್ಮೆ ನನಗೆ. ಬಾದಾಮಿಯ ಆಸೆಯೂ ಇತ್ತು, ಈ ವಯಸ್ಸಿನಲ್ಲಿ ಸುಳ್ಳು ಯಾಕೆ ಹೇಳಲಿ. ಕಾಕಾ ನನ್ನ ತಲೆ ಸವರಿ ನಿಶ್ಚಿಂತೆಯಿಂದ ಹೋದರು.

ಕುಸ್ತಿಯ ಸಂಜೆ ಅಣ್ಣನನ್ನು ಚಕ್ಕಡಿಯಲ್ಲಿ ಮಲಗಿಸಿ ತಂದರು. ಕೈಗೆ ಕೈ ಹತ್ತಿದರೂ ಅವನ ಮೈಗೆ ಚುರುಕು ಬರಲಿಲ್ಲವಂತೆ. ಎದುರಿನವನು ಎತ್ತಿ ಒಗೆದಾಗ ಸಾವರಿಸಿಕೊಳ್ಳಲೂ ಮನಸ್ಸು ಮಾಡದೆ ಬಲಭುಜದ ಮೇಲೆ ಬಿದ್ದನಂತೆ. ಭುಜ ಮುರಿದಿತ್ತು. ಪಕ್ಕದಲ್ಲಿ ಕುಳಿತ ಕಾಕಾ, "ತಪ್ಪು ನಂದು. ನಾ ಗುರುತು ಹಿಡೀಲಿಲ್ಲ," ಎಂದು ಅಳುತ್ತಿದ್ದರು. ಅಣ್ಣ ನನ್ನ ಕಡೆ ನೋಡಿದ. ನಾನು ಕಂಬದ ಹಿಂದೆ ಸರಿದೆ.

ಮೂಳೆ ಕೂಡಿತು, ಕೈ ಮಾತ್ರ ಮೇಲೇಳಲಿಲ್ಲ. ಅಣ್ಣ ಅಪ್ಪನ ಕಾಳಿನ ಅಂಗಡಿಯಲ್ಲಿ ಕೂತ. ಮಳೆ ಬೀಳುವ ಹೊತ್ತಿಗೆ ಆ ಮಬ್ಬು ಬಂದಂತೆಯೇ ಕಾರಣವಿಲ್ಲದೆ ಹೊರಟುಹೋಯಿತು. ಅದೊಂದು ಕುಸ್ತಿ ತಪ್ಪಿಸಿದ್ದರೆ ಸಾಕಿತ್ತು.

ಈಗ ಆ ಗರಡಿಮನೆ ಇಲ್ಲ. ಇದು ಅಂಜಿಕೆಯೋ ಮಬ್ಬೋ ಎಂದು ಮನೆ ಬಾಗಿಲಿಗೆ ಬಂದು ಕೇಳುವವರೂ ಇಲ್ಲ. ಹುಸೇನ ಕಾಕಾ ಸಾಯುವವರೆಗೂ ತಪ್ಪು ತಮ್ಮದೆಂದೇ ತಿಳಿದಿದ್ದರು. ಅವರಿಗೆ ನಿಜ ಹೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ. ಇಂದಿಗೂ ಹಾಲಿನಲ್ಲಿ ಯಾಲಕ್ಕಿಯ ವಾಸನೆ ಬಂದರೆ, ಕುಡಿಯದೆ ಲೋಟ ಕೆಳಗಿಡುತ್ತೇನೆ.