ಗಂಟಲಲ್ಲಿ ಕೂತ ಮದ್ದು

ಏನು ನುಂಗಿದರೂ ಗಂಟಲಿನ ಎಡಗಡೆ ಚುಚ್ಚುತ್ತಿತ್ತು. ರೊಟ್ಟಿ ಬಿಡಿ, ಉಗುಳು ನುಂಗಲಿಕ್ಕೂ ಕುತ್ತಿಗೆ ವಾರೆ ಮಾಡಬೇಕು. ಬೆಂಗೇರಿಯ ನಮ್ಮ ಓಣಿಯ ಡಾಕ್ಟರು ಟಾನ್ಸಿಲ್ ಎಂದು ಗುಳಿಗೆ ಕೊಟ್ಟರು. ಗುಳಿಗೆಯನ್ನೂ ನುಂಗಬೇಕಲ್ಲ, ನನ್ನ ಕರ್ಮ!

ಗುಳಿಗೆ ನಾಟದಿದ್ದಾಗ ಅವ್ವನಿಗೆ ಬೇರೆಯೇ ಹೊಳೆಯಿತು. "ಇದು ಜಡ್ಡಲ್ಲ. ಯಾರೋ ಊಟದಾಗ ಮದ್ದು ಹಾಕ್ಯಾರ. ಅದು ಗಂಟಲಾಗ ಕುಂತದ." ಮದ್ದು ಎಂದರೆ ಔಷಧವಲ್ಲ, ಆಗದವರು ಅನ್ನದಲ್ಲಿ ಕಲಸಿ ಕೊಡುವ ಮಾಟ. ಹೀಗೆಂದವಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರು!

ಮನೆಯಲ್ಲಿ ಅಡಿಗೆ ಮಾಡುತ್ತಿದ್ದವಳು ಒಬ್ಬಳೇ, ಗಂಡ ಸತ್ತ ಮೇಲೆ ನಮ್ಮಲ್ಲಿಗೆ ಬಂದಿದ್ದ ಅಪ್ಪನ ತಂಗಿ, ನನ್ನ ಅತ್ತೆ. ನನಗೆಂದೇ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಕಿವುಚಿ, ಪಕ್ಕದಲ್ಲಿ ಕೂತು ತಿನ್ನಿಸುತ್ತಿದ್ದಳು. ಅದೇ ಅವಳಿಗೆ ಮುಳುವಾಯಿತು.

ಮದ್ದು ತೆಗೆಯುವವನ ಹತ್ತಿರ ನನ್ನನ್ನು ಎಳೆದೊಯ್ದರು. ಎಂಥದೋ ಹಸಿರು ರಸ ಕುಡಿಸಿದ. ಕರುಳು ಬಾಯಿಗೆ ಬರುವಂತೆ ಕಾರಿಕೊಂಡೆ. ಅದರಲ್ಲಿ ಕೂದಲಿನ ಉಂಡೆಯೊಂದನ್ನು ತೋರಿಸಿ, "ನಿಮ್ಮ ಮನ್ಯಾಗ ಇರಾಕಿನ ಹಾಕ್ಯಾಳ್ರಿ" ಎಂದ. ಅವನ ನಾಲಗೆ ಸೇದಿಹೋಗಲಿ!

ಅವತ್ತೇ ಅವ್ವ ಅತ್ತೆಯ ಸೀರೆಗಳನ್ನು ಚೀಲದಲ್ಲಿ ತುರುಕಿ ಕಟ್ಟೆಯ ಮೇಲೆ ಎಸೆದಳು. "ಗಂಡನ್ನ ತಿಂದಿ, ಈಗ ನನ್ನ ಮಗಳನ್ನ ತಿನ್ನಾಕ ಕುಂತೀ ಏನು?" ಬೇಡವೆಂದು ಕೂಗಲು ಹೋದೆ, ನೋವಿಗೆ ದನಿಯೇ ಹೊರಡಲಿಲ್ಲ. ಅಪ್ಪ ಪೇಪರು ಕೆಳಗಿಡಲಿಲ್ಲ. ಅತ್ತೆ ಸತ್ತ ಗಂಡನ ಊರು ಗರಗಕ್ಕೆ ಹೋದಳು.

ನೋವು ಹೋಗಲಿಲ್ಲ. ಕೊನೆಗೆ ಧಾರವಾಡದ ಗಂಟಲು ಡಾಕ್ಟರು ಬಾಯೊಳಗೆ ಬೆರಳಿಟ್ಟು ಒತ್ತಿದಾಗ ಕಿರುಚಿಬಿಟ್ಟೆ. ಕಿವಿಯ ಕೆಳಗಿನ ಸಣ್ಣ ಎಲುಬೊಂದು ಅಳತೆ ಮೀರಿ ಬೆಳೆದು ಗಂಟಲಿಗೆ ಚುಚ್ಚುತ್ತಿದ್ದುದು ಸ್ಕ್ಯಾನಿನಲ್ಲಿ ಕಂಡಿತು. "ಭಾಳ ಅಪರೂಪರೀ ಇದು. ಇದರಾಗ ಯಾರ ತಪ್ಪೂ ಇಲ್ಲ" ಎಂದರು. ಆಪರೇಷನ್ ಮಾಡಿ ಅದನ್ನು ಕತ್ತರಿಸಿದರು.

"ಅತ್ತಿನ್ನ ಕರ್ಕೊಂಡು ಬರೂಣೇನವಾ?" ಎಂದೆ.

ಅವ್ವ ಹುಬ್ಬು ಗಂಟಿಕ್ಕಿದಳು. "ಎಲುಬು ಸುಮ್ಮಸುಮ್ಮನ ಬೆಳಿತದೇನು? ಆಕಿ ಮದ್ದು ಹಾಕಿದ್ಲು, ಅದಕ್ಕ ಬೆಳೀತು."

ನಾನೊಬ್ಬಳೇ ಗರಗಕ್ಕೆ ಹೋದೆ. ಅತ್ತೆ ಬಾಗಿಲಲ್ಲೇ ನಿಂತು ನನ್ನ ಕುತ್ತಿಗೆಯ ಹೊಲಿಗೆಯನ್ನು ಮುಟ್ಟಿ ನೋಡಿದಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಮನೆಗೆ ಬಾ ಎಂದು ಕೈ ಹಿಡಿದು ಎಳೆದೆ, ಅವಳು ಕದಲಲಿಲ್ಲ. ಬಿಸಿಲಿಗೆ ಬಾಯಿ ಒಣಗಿತ್ತು. "ನೀರರ ಕೊಡು ಅತ್ತಿ" ಎಂದೆ.

ಅವಳು ಒಳಗೆ ಹೋಗಲಿಲ್ಲ. ಪಕ್ಕದ ಮನೆಯವಳನ್ನು ಕೂಗಿದಳು.

"ಯವ್ವಾ, ಈ ಹುಡುಗಿಗೆ ನಿಮ್ಮ ಮನ್ಯಾಗಿಂದು ಒಂದು ತಂಬಿಗಿ ನೀರು ಕೊಡು. ನನ್ನ ಕೈಯಾಗಿಂದು ಬ್ಯಾಡ."