ಎಲೆಬುಟ್ಟಿಯಂತೆ ಮಲಗಿದ ಕಾಕಾ

ಹುಬ್ಬಳ್ಳಿಯ ಡಾಕ್ಟರು ನನಗೊಂದು ಮಷೀನು ದಯಪಾಲಿಸಿ ತಿಂಗಳಾಗುತ್ತ ಬಂತು. ನಿದ್ದೆಯಲ್ಲಿ ನನ್ನ ಉಸಿರು ಆಗಾಗ ನಿಂತುಬಿಡುತ್ತದಂತೆ. ನಾನಂತೂ ಇದಕ್ಕೆ ಸಾಕ್ಷಿಯಲ್ಲ, ಆ ಹೊತ್ತಿನಲ್ಲಿ ಮಲಗಿರುತ್ತೇನೆ. ಮಷೀನಿನ ಹೆಸರು ಸಿ-ಪ್ಯಾಪ್. ಹಾಸಿಗೆಯ ಪಕ್ಕದಲ್ಲಿ ಒಂದು ಸಣ್ಣ ಪೆಟ್ಟಿಗೆ, ಅದರಿಂದ ಹೊರಟ ಸೊಂಡಿಲಿನಂಥ ಕೊಳವೆ, ಕೊಳವೆಯ ತುದಿಯಲ್ಲಿ ಮೂಗಿನ ಮೇಲೆ ಕೂರುವ ಮುಚ್ಚಳ. ಪೆಟ್ಟಿಗೆ ಗಾಳಿ ಒತ್ತುತ್ತದೆ. ಗಂಟಲು ಮುಚ್ಚಿಕೊಳ್ಳದಂತೆ ಆ ಗಾಳಿ ಕಾವಲು ನಿಲ್ಲುತ್ತದೆ. ಗಂಟಲು ಒಣಗಬಾರದೆಂದು ಒಳಗೊಂದು ನೀರಿನ ಡಬ್ಬಿಯೂ ಇದೆ. ಮೊದಲ ದಿನ ಇದನ್ನೆಲ್ಲ ಧರಿಸಿ, ಯುದ್ಧಕ್ಕೆ ಹೊರಟ ವಿಮಾನದ ಚಾಲಕನಂತೆ ಗಂಭೀರವಾಗಿ ಮಲಗಿಕೊಂಡಾಗ ಬೆಚ್ಚಗಿನ ಹಸಿಗಾಳಿ ಮೂಗಿಗೆ ಬಂತು. ಅದರಲ್ಲಿ ಎಂಥದೋ ಗುರುತಿನ ವಾಸನೆ. ತೊಯ್ದ ಗೋಣಿತಟ್ಟಿನದು... ಅದರಡಿಯಲ್ಲಿ ಇಟ್ಟ ಹಸಿರೆಲೆಯದು...

ಮುಚ್ಚಳ ತೆಗೆದು ಎದ್ದು ಕುಳಿತೆ. "ಏನಾತ್ರಿ?" ಎಂದರು ಮನೆಯವರು. "ಏನಿಲ್ಲ, ಸವಣೂರು" ಎಂದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಸವಣೂರಿಗೆ ಸಾಲಿ ಮಾಸ್ತರನಾಗಿ ಹೋಗಿದ್ದೆ. ಇನ್ನೂ ಮದುವೆಯಾಗಿರಲಿಲ್ಲ. ಬಾಡಿಗೆಗೆ ಸಿಕ್ಕ ಮನೆಯ ಪಕ್ಕದಲ್ಲೇ ವೀಳ್ಯದೆಲೆ ಅಂಗಡಿ ಕಾಕಾನ ಮನೆ. ಮುಂದಿನ ಪಡಸಾಲೆಯೇ ಅಂಗಡಿ. ಸವಣೂರಿನ ಎಲೆಗೆ ಸುತ್ತಲಿನ ಊರುಗಳಲ್ಲಿ ಎಷ್ಟು ಮರ್ಯಾದೆ ಇತ್ತೆಂದರೆ, ಹಾನಗಲ್ಲಿನಲ್ಲಿ ಲಗ್ನದ ಮಾತುಕತೆ ನಡೆದರೆ ಇಲ್ಲಿ ಕಾಕಾ ಬುಟ್ಟಿ ತುಂಬಲು ಕೂರುತ್ತಿದ್ದರು. ತೋಟದಿಂದ ಬಂದ ಎಲೆಯನ್ನು ಆರಿಸುವುದು, ತೊಯ್ದ ಗೋಣಿತಟ್ಟು ಹೊಚ್ಚುವುದು, ಹೊತ್ತಿಗೆ ಸರಿಯಾಗಿ ಬೆರಳಿನಿಂದ ನೀರು ಸಿಡಿಸುವುದು, ಬುಟ್ಟಿ ಕಟ್ಟಿ ಬಸ್ಸಿನ ಮೇಲೆ ಏರಿಸುವುದು: ಇಷ್ಟು ಅವರ ಕಸುಬು. ಉಳಿದ ಹೊತ್ತು ನಿದ್ದೆ.

ನಿದ್ದೆ ಎಂದರೆ ನೀವು ನಾವು ಮಾಡುವ ಬಡ ನಿದ್ದೆಯಲ್ಲ. ಕಾಕಾ ದೊಡ್ಡ ಆಳು. ತಲೆಗೂ ಹೆಗಲಿಗೂ ನಡುವೆ ಕುತ್ತಿಗೆ ಎಂಬುದೊಂದನ್ನು ಇಡಲು ದೇವರು ಮರೆತಿದ್ದ. "ಮಾಸ್ತರ್ರ, ನಿನ್ನೆ ಏನಾತಂದ್ರ..." ಎಂದು ಮಾತು ತೆಗೆಯುತ್ತಿದ್ದರು, ಅಲ್ಲಿಗೇ ಗಲ್ಲ ಎದೆಗೆ ತಾಗುತ್ತಿತ್ತು. ಗಿರಾಕಿಗಳು ತಾವೇ ಎಲೆ ಎಣಿಸಿಕೊಂಡು, ಸುಣ್ಣ ಹಚ್ಚಿಕೊಂಡು, ಮೇಲೊಂದು ಅಡಕಿ ಚೂರನ್ನು ಧರ್ಮಾರ್ಥ ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದರು. ಎಚ್ಚರವಾದಾಗ ಕಾಕಾ "...ಆ ಹತ್ತಿಮತ್ತೂರಾಂವ ಬಂದಿದ್ದ" ಎಂದು ಬಿಟ್ಟ ಜಾಗದಿಂದಲೇ ಮುಂದುವರಿಸುತ್ತಿದ್ದರು. ಅಷ್ಟರಲ್ಲಿ ಕೇಳುವವರು ಬದಲಾಗಿರುತ್ತಿದ್ದರು. ಅದು ಅವರಿಗೆ ದೊಡ್ಡ ಸಂಗತಿಯಾಗಿರಲಿಲ್ಲ.

ನಮ್ಮಿಬ್ಬರ ಮನೆಗೂ ಒಂದೇ ಹಂಚಿನ ಸೂರು. ನಡುವಿನ ಗೋಡೆ ಹಂಚನ್ನು ಮುಟ್ಟುವ ಮೊದಲೇ ಬೇಸರಪಟ್ಟು ನಿಂತಿತ್ತು. ಹಾಗಾಗಿ ಅವರ ಗೊರಕೆಯಲ್ಲಿ ನನಗೆ ಅರ್ಧ ಪಾಲು ತಾನಾಗಿ ಬರುತ್ತಿತ್ತು. ಗೊರಕೆಗೆ ಒಂದು ತಿಂಗಳಲ್ಲಿ ಹೊಂದಿಕೊಂಡೆ. ಹೊಂದಿಕೊಳ್ಳಲಾಗದ್ದು ಅದು ನಿಲ್ಲುವ ಗಳಿಗೆ. ಏರುತ್ತ ಏರುತ್ತ ಹೋಗಿ ಗಕ್ಕನೆ ನಿಲ್ಲುವುದು. ಗೋಡೆಯ ಈಚೆ ನನ್ನ ಉಸಿರೂ ನಿಲ್ಲುವುದು. ಆಗ ಆಚೆಯಿಂದ ಬಳೆಯ ಸದ್ದು ಕೇಳುತ್ತಿತ್ತು. ಮರುಕ್ಷಣ ದೊಡ್ಡದೊಂದು ಗೊರಕೆ. ಇಬ್ಬರೂ ಬದುಕಿಕೊಳ್ಳುತ್ತಿದ್ದೆವು.

ಆ ಬಳೆಯ ಸದ್ದಿನ ಅರ್ಥ ಒಂದು ದಿನ ನಲ್ಲಿಯ ಹತ್ತಿರ ತಿಳಿಯಿತು. ಕಾಕಾನ ಹೆಂಡತಿ, ನಾನು ಕಾಕು ಎಂದು ಕರೆಯುತ್ತಿದ್ದವರು, ಕೊಡ ತುಂಬುತ್ತಿದ್ದರು. ಸಣಕಲು ಮೈ, ಕಣ್ಣ ಕೆಳಗೆ ಕಪ್ಪು.

"ಮಾಸ್ತರ್ರ, ನಮ್ಮ ಮಗಳು ಹಡ್ಯಾಕ ಬರಾಕತ್ತಾಳ" ಎಂದರು. ಮಗಳನ್ನು ಹಾನಗಲ್ಲಿಗೆ ಕೊಟ್ಟಿದ್ದರು, ಇದು ಚೊಚ್ಚಲು.

"ಛಲೋ ಆತಲ್ರಿ ಕಾಕು."

"ಛಲೋನ ಆತು. ಆದ್ರ ಆಕಿ ಬಂದಮ್ಯಾಲ ನಾ ಒಳಗಿನ ಖೋಲ್ಯಾಗ ಆಕಿ ಕಡೆ ಮಲಗಬೇಕಲ್ಲ. ಇವರ ಉಸಿರು ನಿಂತ್ರ ಎಬ್ಬಸೋರು ಯಾರ್ರಿ?"

ದಿನಾಲು ರಾತ್ರಿ ಕಾಕು ಕಾಕಾನ ಎದೆಯ ಮೇಲೆ ಕೈ ಇಟ್ಟುಕೊಂಡು ಗೋಡೆಗೆ ಒರಗಿ ಕೂರುತ್ತಿದ್ದರಂತೆ. ಕೈ ಏಳುವುದು ನಿಂತರೆ ತಿವಿಯುವುದು. ಎಷ್ಟು ವರ್ಷದಿಂದ ಎಂದು ಕೇಳಿದೆ. ಕಾಕು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡರು. "ನಿದ್ದಿ ಅಂದ್ರ ಹೆಂಗಿರತೈತಿ ಅನ್ನೂದ ಮರತೇನ್ರಿ" ಎಂದು ನಕ್ಕು ಹೋದರು.

ಕಾಕಾನನ್ನು ಹುಬ್ಬಳ್ಳಿಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಬಸ್ಸು ಹತ್ತಿದ ಕೂಡಲೆ ಅವರು ಅಪರಿಚಿತನೊಬ್ಬನ ಹೆಗಲ ಮೇಲೆ ತಲೆಯಿಟ್ಟು ಮಲಗಿದರು. ಆ ಮನುಷ್ಯ ಶಿಗ್ಗಾಂವಿಯಲ್ಲಿ ಇಳಿಯಬೇಕಾದವನು, ಏಳಲಾಗದೆ ಮುಂದಿನ ನಿಲ್ದಾಣದವರೆಗೆ ಬಂದ. ಡಾಕ್ಟರು "ನಿದ್ದಿ ಹೆಂಗ ಬರತೈತಿ?" ಎಂದು ಕೇಳಿದರು. "ನಿದ್ದಿಗೇನು ಕಡಿಮಿ ಇಲ್ರಿ, ಕುಂತಲ್ಲೆ ಬರತೈತಿ" ಎಂದು ಕಾಕಾ ಹೆಮ್ಮೆಯಿಂದ ಹೇಳಿದರು.

ಡಾಕ್ಟರು ನಗಲಿಲ್ಲ. ಅಂಗಾತ ಮಲಗಿದರೆ ನಾಲಗೆ ಹಿಂದಕ್ಕೆ ಬಿದ್ದು ದಾರಿ ಮುಚ್ಚುತ್ತದೆ, ಇದು ಹುಡುಗಾಟದ ಮಾತಲ್ಲ, ಮಗ್ಗಲಾಗಿ ಮಲಗಬೇಕು, ಮೈ ಇಳಿಸಬೇಕು ಎಂದರು. ನನ್ನ ಇವತ್ತಿನ ಪೆಟ್ಟಿಗೆಯಂಥದ್ದು ಆಗ ಎಲ್ಲಿಯೂ ಕೊಳ್ಳಲು ಸಿಗುತ್ತಿರಲಿಲ್ಲ. ಮೈ ಇಳಿಸುವ ವಿಷಯವನ್ನು ಕಾಕಾ ಬಸ್ಸಿನಲ್ಲಿ ಆಳವಾಗಿ ವಿಚಾರ ಮಾಡಿ, ರಾತ್ರಿಯ ಊಟದಲ್ಲಿ ಒಂದು ರೊಟ್ಟಿ ಬಿಡುವುದಾಗಿ ಘೋಷಿಸಿದರು. ಬಿಟ್ಟ ರೊಟ್ಟಿಯ ಜಾಗಕ್ಕೆ ಅನ್ನ ಬಂತು. ಮಗ್ಗಲು ಮಾತ್ರ ಉಳಿಯಿತು.

ಕಾಕು ಒಂದು ಹಳೆಯ ಅಂಗಿಯ ಬೆನ್ನಿಗೆ ಕಿಸೆ ಹೊಲಿದರು. ಅಂಗಾತ ಹೊರಳಿದರೆ ಒತ್ತಬೇಕು, ಅಂಥದ್ದೇನಾದರೂ ಅದರೊಳಗೆ ಬೇಕು. ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದು ಇಡೀ ಅಡಕಿ. ಕಿಸೆ ತುಂಬ ಅಡಕಿ ತುಂಬಿ ಬಾಯಿ ಹೊಲಿದರು. ನಿಜವಾಗಿಯೂ ಗುಣ ಕಾಣಿಸಿತು. ಗೋಡೆಯ ಈಚೆ ನಾನು ಸುಖವಾಗಿ ಮಲಗಿದೆ. ಕೆಲವೇ ದಿನಗಳಲ್ಲಿ ಗೊರಕೆ ಮೊದಲಿನ ವೈಭವಕ್ಕೆ ಮರಳಿತು. ಕಾಕು ಅಂಗಿ ತಿರುವಿ ನೋಡಿದರೆ ಕಿಸೆ ಜೋತುಬಿದ್ದಿತ್ತು. ಹೊಲಿಗೆಯನ್ನು ಅಷ್ಟಷ್ಟೇ ಬಿಚ್ಚಿ, ಒಂದೊಂದೇ ಅಡಕಿ ಹೊರತೆಗೆದು, ಅಡಕತ್ತರಿಯಲ್ಲಿ ಕತ್ತರಿಸಿ ಕಾಕಾ ಔಷಧಿಯನ್ನು ತಿಂದು ಮುಗಿಸಿದ್ದರು.

"ಬೆನ್ನಿಗೆ ಕಟ್ಟಿದ್ದನ್ನೂ ಬಿಡಲಿಲ್ಲಲ್ರಿ ನೀವು!" ಎಂದು ಕಾಕು ಕೂಗಿದ್ದು ಓಣಿಗೆಲ್ಲ ಕೇಳಿತು.

"ಔಷಧ ಹೊಟ್ಟಿಗೆ ಹೋದ್ರ ಇನ್ನೂ ಛಲೋ ಅಲ್ಲೇನ?" ಎಂಬುದು ಕಾಕಾನ ವಾದ.

ಆಮೇಲೆ ಕಿಸೆಗೆ ಕಟ್ಟಿಗೆಯ ತುಂಡು ಹಾಕಿದರು. ಅದನ್ನು ತಿನ್ನಲು ಬರುವುದಿಲ್ಲ. ಆದರೆ ಅಂಗಿಯನ್ನೇ ಕಳೆಯಲು ಬರುತ್ತದೆ. ಒಂದು ದಿನ ಸೆಕೆ, ಒಂದು ದಿನ ತುರಿಕೆ, ಒಂದು ದಿನ "ನನಗ ಗೊತ್ತ ಇಲ್ಲ, ತಾನ ಬಿಚ್ಚೇತಿ." ಈ ನೆಪಗಳನ್ನು ನಾನು ಎಷ್ಟು ಚೆನ್ನಾಗಿ ಬಲ್ಲೆನೆಂದರೆ, ಮೊನ್ನೆ ಡಾಕ್ಟರು ಮಷೀನು ಯಾಕೆ ಹಾಕಿಕೊಳ್ಳಲಿಲ್ಲ ಎಂದು ಕೇಳಿದಾಗ ಇದೇ ಅನುಕ್ರಮದಲ್ಲಿ ಒಪ್ಪಿಸಿದೆ.

ಮಗಳು ಬರುವ ವಾರ ಹತ್ತಿರವಾಯಿತು. ಒಂದು ಸಂಜೆ ನಾನು ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದೆ. ಕಾಕಾ ಹಾನಗಲ್ಲಿಗೆ ಹೋಗುವ ಬುಟ್ಟಿ ತುಂಬುತ್ತಿದ್ದರು. ಆ ಕೆಲಸ ಮಾಡುವಾಗ ಮಾತ್ರ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಬುಟ್ಟಿಯ ಸುತ್ತ ಹುಲ್ಲು, ಒಳಗೆ ಬಾಳೆಪಟ್ಟೆ, ಅದರೊಳಗೆ ಎಲೆಯ ಕಟ್ಟುಗಳನ್ನು ಅಂಗಾತ ಇಡದೆ ಮಗ್ಗಲಾಗಿ, ಒಂದಕ್ಕೊಂದು ಆತು ನಿಲ್ಲುವಂತೆ ಜೋಡಿಸುತ್ತಿದ್ದರು. ಕಾಕು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು.

"ಅಂಗಾತ ಯಾಕ ಇಡಂಗಿಲ್ರಿ?"

ಲಗ್ನವಾಗಿ ಇಷ್ಟು ವರ್ಷದ ಮೇಲೆ ಹೆಂಡತಿ ಕಸುಬಿನ ಬಗ್ಗೆ ಕೇಳಿದ ಸಂತೋಷಕ್ಕೆ ಕಾಕಾ ಹಿಗ್ಗಿದರು. "ಅಂಗಾತ ಇಟ್ರ ಒಂದರ ಮ್ಯಾಲೊಂದು ಬಿದ್ದು ಉಸಿರು ಕಟ್ಟತೈತಿ. ಬೆಳಗಾಗೂದ್ರಾಗ ಕರ್ರಗ ಆಗ್ತಾವ. ಮಗ್ಗಲಾ ಇಟ್ಟು ಬಿಗಿ ಮಾಡಿದ್ರ ನಡುವ ಗಾಳಿ ಆಡತೈತಿ. ಹೊರಳಾಕ ಜಾಗಾ..." ಎಂದವರು ಅಲ್ಲಿಗೆ ನಿಲ್ಲಿಸಿದರು. ಈ ಸಲ ನಿದ್ದೆ ಬಂದಿರಲಿಲ್ಲ.

ಕಾಕು ಮೂಲೆಯಲ್ಲಿದ್ದ ಖಾಲಿ ಚೀಲಗಳನ್ನು ಬಾಚಿಕೊಂಡು ಒಳಗೆ ಹೋದರು.

ಊಟದ ಹೊತ್ತಿಗೆ ಪಡಸಾಲೆಯಲ್ಲಿ ಹಾಸಿಗೆ ಸಿದ್ಧವಾಗಿತ್ತು. ಎರಡೂ ಬದಿಗೆ ಹುಲ್ಲು ತುಂಬಿದ ಉದ್ದನೆಯ ಚೀಲ, ನಡುವೆ ಒಬ್ಬ ಮನುಷ್ಯ ಮಗ್ಗಲಾಗಿ ಮಾತ್ರ ಹಿಡಿಸುವಷ್ಟು ಜಾಗ. ಕಾಕಾ ಸಿಟ್ಟಾಗುತ್ತಾರೆಂದು ನಾನು ಬಾಗಿಲ ಹತ್ತಿರ ಹೋಗಿ ನಿಂತಿದ್ದೆ. ಸಿಟ್ಟಾದರು ಕೂಡ. ಆದರೆ ತಮ್ಮನ್ನು ಬುಟ್ಟಿಗೆ ತುಂಬುತ್ತಿದ್ದಾರೆ ಎಂದಲ್ಲ, ತುಂಬುವ ರೀತಿ ಸರಿಯಿಲ್ಲ ಎಂದು.

"ಇದೇನ ತುಂಬೂ ರೀತಿ? ಈ ಮೂಲಿ ಸಡ್ಲ, ಆ ಮೂಲಿ ಸಡ್ಲ! ಹಿಂಗ ತುಂಬಿದ್ರ ಬುಟ್ಟಿ ಹಾನಗಲ್ಲ ಮುಟ್ಟತೈತೇನ? ಬಂಕಾಪುರಕ್ಕ ಹೋಗೂದ್ರಾಗ ಕಲಸಿ ಪಚಡಿ ಆಗತೈತಿ!"

"ಹಂಗಾದ್ರ ನೀವ ತುಂಬ್ರಿ" ಎಂದರು ಕಾಕು.

ತುಂಬಿದರು. ಹುಲ್ಲು ಬಿಚ್ಚಿ ಮತ್ತೆ ಒತ್ತಿದರು, ಚೀಲದ ಬಾಯಿ ಮತ್ತೆ ಕಟ್ಟಿದರು, ಅಂಗೈಯಿಂದ ಬಡಿದು ಸದ್ದು ಕೇಳಿದರು. ಕೊನೆಗೊಂದು ತೊಡಕು ಎದುರಾಯಿತು. ತಾವು ಒಳಗೆ ಮಲಗಿದ ಮೇಲೆ ಬೆನ್ನ ಹಿಂದಿನ ಚೀಲ ಬಿಗಿ ಮಾಡುವವರಾರು? ಹೆಂಡತಿಯ ಕೈಕೆಲಸದ ಮೇಲೆ ಅವರಿಗೆ ಆಗಲೇ ವಿಶ್ವಾಸ ಹೋಗಿತ್ತು. ಹೀಗಾಗಿ ಸರಕಾರದ ಸಂಬಳ ಉಣ್ಣುವ ನಾನು ದಿನಾಲು ಊಟ ಮುಗಿಸಿ ಪಕ್ಕದ ಮನೆಗೆ ಹೋಗಿ, ಒಬ್ಬ ಪ್ರೌಢ ಗೃಹಸ್ಥರನ್ನು ಮೊಣಕಾಲೂರಿ ಬಿಗಿ ಮಾಡಿ ಬರುವ ಜವಾಬ್ದಾರಿ ಹೊತ್ತೆ. "ಇನ್ನಷ್ಟ ಒತ್ರಿ ಮಾಸ್ತರ್ರ... ಹಾಂ, ಈಗ ಬಸ್ಸಿಗೆ ಏರಿಸಬಹುದು" ಎನ್ನುತ್ತಿದ್ದರು.

ಸುಲಭಕ್ಕೇನೂ ಆಗಲಿಲ್ಲ. ಹುಲ್ಲು ಚುಚ್ಚಿತು, ಕೆಳಗಿನ ತೋಳು ಜೋಮು ಹಿಡಿಯಿತು, ಮೊದಲಿನ ದಿನಗಳಲ್ಲಿ ಬೆಳಿಗ್ಗೆ ನೋಡಿದರೆ ಚೀಲವೊಂದು ಕಡೆ, ಕಾಕಾ ಒಂದು ಕಡೆ. ಅಂಗಿ ಬಿಚ್ಚಿದ್ದಕ್ಕೆ ನೆಪ ಹೇಳಿದವರು ಇದಕ್ಕೆ ಒಂದೂ ನೆಪ ಹೇಳಲಿಲ್ಲ. ದಾರಿಯಲ್ಲಿ ಬಿಚ್ಚಿಕೊಂಡ ಬುಟ್ಟಿ ಅವರ ಪಾಲಿಗೆ ಮಾನದ ಪ್ರಶ್ನೆ. ತಾವು ಕಟ್ಟಿದ್ದು ಹೀಗೆ ಬಿಚ್ಚಿತಲ್ಲ ಎಂದು ಮುಖ ಸಣ್ಣ ಮಾಡಿಕೊಂಡು, ಸಂಜೆ ಇನ್ನಷ್ಟು ಹುಲ್ಲು ತುಂಬುತ್ತಿದ್ದರು. ಮಗಳು ಬಂದಿಳಿಯುವ ಹೊತ್ತಿಗೆ ಬುಟ್ಟಿ ಬಿಚ್ಚುವುದು ನಿಂತಿತ್ತು.

ಹಗಲಿನ ತೂಕಡಿಕೆ ತಾನಾಗಿ ಕಡಿಮೆಯಾಯಿತು. ಕಾಕಾ ಅಂಗಡಿಯಲ್ಲಿ ಕಣ್ಣು ಬಿಟ್ಟು ಕೂತಿದ್ದು ನೋಡಿ ಓಣಿಯ ಗಿರಾಕಿಗಳಿಗೆ ದೊಡ್ಡ ಆಘಾತ. ಧರ್ಮಾರ್ಥದ ಅಡಕಿ ಹೋಯಿತು. "ಮಾಸ್ತರ್ರ, ನೀವು ಬಂದು ಊರು ಕೆಡಿಸಿದ್ರಿ ನೋಡ್ರಿ" ಎಂದು ಒಬ್ಬರು ನನ್ನನ್ನು ನಡುಬೀದಿಯಲ್ಲೇ ತರಾಟೆಗೆ ತೆಗೆದುಕೊಂಡರು.

ಆದರೂ ಕಾಕುವಿಗೆ ಧೈರ್ಯ ಬಂದಿರಲಿಲ್ಲ. ಒಳಗಿನ ಖೋಲಿಯಲ್ಲಿ ಮಗಳ ಪಕ್ಕ ಮಲಗಿದರೂ ಬಳೆಯ ಸದ್ದು ಪಡಸಾಲೆಗೆ ಬಂದು ಹೋಗುತ್ತಿತ್ತು. ತಿವಿಯಲು ಕಾರಣ ಸಿಗದೆ ಸುಮ್ಮನೆ ಮರಳುತ್ತಿತ್ತು... ದಿನ ಹೋದಂತೆ ಆ ಸದ್ದೂ ವಿರಳವಾಯಿತು.

ಒಂದು ಬೆಳಿಗ್ಗೆ ಸಾಲಿಗೆ ಹೊರಡಲೆಂದು ಬಾಗಿಲು ತೆಗೆದರೆ ಪಕ್ಕದ ಮನೆಯ ಮುಂದೆ ಹೆಂಗಸರ ಗುಂಪು. ಅಂಗಳಕ್ಕೆ ನೀರು ಬಿದ್ದಿರಲಿಲ್ಲ, ರಂಗೋಲಿ ಇರಲಿಲ್ಲ. ಓಣಿಯಲ್ಲಿ ಎಲ್ಲರಿಗಿಂತ ಮೊದಲು ನೀರು ಬೀಳುತ್ತಿದ್ದ ಅಂಗಳ ಅದು. ಮಗಳಿಗೇನಾಯಿತೋ, ಕಾಕಾಗೇನಾಯಿತೋ ಎಂದು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಹಿಂದಿನ ದಿನ ಚೀಲ ಒತ್ತಿದವನು ನಾನೇ.

ಬಾಗಿಲು ತೆರೆಯಿತು. ಕೈಯಲ್ಲಿ ತಂಬಿಗೆ ಹಿಡಿದು ಕಾಕಾ ಹೊರಬಂದರು, ಕೂದಲಲ್ಲಿ ಹುಲ್ಲಿನ ಎಳೆ.

"ಗದ್ದಲ ಮಾಡಬ್ಯಾಡ್ರಿ. ಮಲಗ್ಯಾಳ."

"ಯಾರು, ಮಗಳೇನ್ರಿ?"

"ಮಗಳು ಎದ್ದು ಕುಂತಾಳ. ಆಕಿ ಅವ್ವ ಮಲಗ್ಯಾಳ." ಹಾಗೆನ್ನುವಾಗ ಅವರ ದನಿಯಲ್ಲಿ, ಲಗ್ನದ ಬುಟ್ಟಿ ಹಾನಗಲ್ಲಿನಲ್ಲಿ ಒಂದೂ ಎಲೆ ಕೆಡದೆ ಇಳಿಯಿತು ಎಂದು ಹೇಳುವಾಗಿನ ಠೀವಿ ಇತ್ತು. ಆಮೇಲೆ ತಂಬಿಗೆಗೆ ಬೆರಳು ಅದ್ದಿ ಅದ್ದಿ ಅಂಗಳಕ್ಕೆ ನೀರು ಸಿಡಿಸತೊಡಗಿದರು.

"ಕಾಕಾ, ಅಂಗಳಕ್ಕ ನೀರು ಹಾಕಾಕತ್ತೀರೋ, ಎಲಿಗೆ ಹಾಕಾಕತ್ತೀರೋ? ಹಿಂಗಾದ್ರ ಸಂಜಿ ಆಗತೈತಿ!" ಎಂದಳು ಗುಂಪಿನಲ್ಲಿ ಒಬ್ಬಾಕೆ. ಎಲ್ಲರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಜೋರಾಗಿ ನಗುವಂತಿರಲಿಲ್ಲ. ಆ ನಿಶ್ಶಬ್ದದಲ್ಲಿ ಒಳಗಿನಿಂದ ಸಣ್ಣದೊಂದು ಗೊರಕೆ ಕೇಳಿಸಿತು, ಸಮನಾಗಿ, ಎಲ್ಲಿಯೂ ನಿಲ್ಲದೆ. ಕಾಕುವೂ ಗೊರಕೆ ಹೊಡೆಯುತ್ತಾರೆಂದು ಓಣಿಗೆ ಗೊತ್ತಾದದ್ದು ಅವತ್ತೇ. ಪಾಪ, ಅದಕ್ಕೂ ಮೊದಲು ಅವರಿಗೆ ಅವಕಾಶ ಸಿಕ್ಕಿರಲಿಲ್ಲ.

ಅದೇ ತಿಂಗಳು ಮೊಮ್ಮಗಳು ಹುಟ್ಟಿದಳು. ನನಗೆ ಹಿರೇಕೆರೂರಿನ ಕಡೆ ವರ್ಗವಾಯಿತು. ಬೆನ್ನ ಹಿಂದಿನ ಚೀಲ ಒತ್ತುವ ಅಧಿಕಾರವನ್ನು ಮುಂದೆ ಯಾರಿಗೆ ವಹಿಸಿದರೋ... ಎಂಬತ್ತರ ದಶಕದಲ್ಲಿ ಎರಡು ಮೂರು ಸಲ ಹೋಗಿ ಕಂಡು ಬಂದೆ. ಮೈ ಇಳಿದಿರಲಿಲ್ಲ, ಚೀಲ ಬಿಟ್ಟಿರಲಿಲ್ಲ. ಆಮೇಲೊಮ್ಮೆ ಜ್ವರ ಬಂದು, ಹಾಡುಹಗಲು, ಗಿರಾಕಿಯೊಬ್ಬನೊಡನೆ ಮಾತಾಡುತ್ತಲೇ ಹೋದರಂತೆ. ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೆಲವು ವರ್ಷಗಳ ನಂತರ ಕಾಕುವೂ...

ಈಗ ಶಿಗ್ಗಾಂವಿಯ ಈ ಮನೆಯಲ್ಲಿ, ನಾಲ್ಕಾರು ದಿನ ನೆಪ ಹೇಳಿ, ಬೈಸಿಕೊಂಡು, ಕೊನೆಗೆ ಮಷೀನಿಗೆ ಒಗ್ಗಿಕೊಂಡಿದ್ದೇನೆ. ಇವತ್ತು ಬೆಳಿಗ್ಗೆ ನನಗೆ ಎಚ್ಚರವಾದಾಗ ಬಿಸಿಲು ಕಿಟಕಿ ದಾಟಿ ಒಳಗೆ ಬಂದಿತ್ತು. ಪಕ್ಕದಲ್ಲಿ ಮನೆಯವರು ಇನ್ನೂ ಮಲಗಿದ್ದರು. ಇಷ್ಟು ವರ್ಷ ನನ್ನ ಎದೆಯ ಮೇಲೆ ಇರುತ್ತಿದ್ದ ಅವರ ಕೈ, ಅವರದೇ ಕೆನ್ನೆಯ ಕೆಳಗಿತ್ತು. ಆ ಕೈ ಅಲ್ಲಿ ಯಾಕೆ ಇರುತ್ತಿತ್ತೆಂದು ನಾನು ಒಮ್ಮೆಯೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಸದ್ದಾಗದಂತೆ ಹೊರಗೆ ಹೋದೆ. ಹಾಲಿನವ ಬಾಗಿಲಲ್ಲಿ ನಿಂತಿದ್ದ. "ಇವತ್ತ ನೀವ ಬಂದ್ರಿ? ಅಕ್ಕಾರು ಆರಾಮ ಅದಾರಿಲ್ರಿ?" ಎಂದ.

"ಆರಾಮ ಅದಾರ. ನಿದ್ದಿ ಮಾಡಾಕತ್ತಾರ" ಎಂದೆ.

ಈ ಮಾತಿನ ಬೆಲೆ ತಿಳಿದವರು ನನಗೆ ಗೊತ್ತಿದ್ದಂತೆ ಇಬ್ಬರಿದ್ದರು. ಸವಣೂರಿನ ಬಸ್ಸು ಹತ್ತಿ ಹೋಗಿ ಹೇಳಿ ಬರೋಣವೆಂದರೆ ಇಬ್ಬರೂ ಈಗಿಲ್ಲ. ಹಾಲಿನವನನ್ನೇ ನಿಲ್ಲಿಸಿ ಇನ್ನೊಮ್ಮೆ ಹೇಳಿದೆ.